ಸೀಸದ ಕಣ್ಣಿನ ಹುಳ

ಸೊರಡಿಯ ದುಂಡವ್ವ ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ಕುರಿ ಕಾಯುವವರ ಮನೆಗೇ ಸೊಸೆಯಾಗಿ ಬಂದವಳು. ಉಣ್ಣೆ ಹಿಂಜುವುದು, ನೂಲುವುದು, ಹರಿದ ಕಂಬಳಿಗೆ ಹೊಲಿಗೆ ಹಾಕುವುದು ಅವಳ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ, ಸುಮ್ಮನೆ ಮಾತಾಡುತ್ತ ಕೂತಾಗಲೂ ಬೆರಳುಗಳು ಸೆರಗಿನ ಎಳೆಯನ್ನಾದರೂ ಹೊಸೆಯುತ್ತಿದ್ದವು. ಐವತ್ತು ದಾಟಿದ ಮೇಲೆ ಆ ಬೆರಳುಗಳಿಗೆ ಮೀನಿನ ಗಾಳ ಕಟ್ಟುವ ಕೆಲಸ ಬಂತು. ತಂದವನು ಅವಳ ಗಂಡ ಬೀರು.

ಬೀರು ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಗೆ ಹೋಗುತ್ತಿದ್ದ. ಒಂದು ವರ್ಷ ಅಲ್ಲಿ ಮಿರಜದ ಕಡೆಯವನೊಬ್ಬ ಎರೆಹುಳು, ಹಿಟ್ಟಿನ ಉಂಡೆ ಏನೂ ಇಲ್ಲದೆ ಮೀನು ಹಿಡಿಯುವುದನ್ನು ನೋಡಿದ. ಅವನ ಗಾಳಕ್ಕೆ ಕೋಳಿಯ ಪುಕ್ಕ ಮತ್ತು ನೂಲು ಸುತ್ತಿ ಹುಳದ ಹಾಗೆ ಮಾಡಿದ್ದರು. ನೀರಿಗೆ ಬಿಟ್ಟು ಮೆಲ್ಲಗೆ ಎಳೆದರೆ ಅದು ಜೀವ ಇದ್ದಂತೆ ಆಡುತ್ತಿತ್ತು, ಮೀನು ನಿಜವಾದ ಹುಳವೆಂದೇ ಬಾಯಿ ಹಾಕುತ್ತಿತ್ತು. ಬೀರು ಆ ಮನುಷ್ಯನಿಗೆ ಒಂದು ತಂಬಿಗೆ ಕುರಿಹಾಲು ಕೊಟ್ಟು ಒಂದು ಹುಳ ಇಸಿದುಕೊಂಡ. ರುಮಾಲಿಗೆ ಚುಚ್ಚಿಕೊಂಡು ಊರಿಗೆ ತಂದು ಹೆಂಡತಿಯ ಅಂಗೈಯಲ್ಲಿಟ್ಟ.

“ನಿನಗ ಇಂಥಾದ್ದು ಕಟ್ಟಾಕ ಬರ್ತೈತೇನು?”

ದುಂಡವ್ವ ಹೊಸ್ತಿಲ ಬೆಳಕಿಗೆ ಕೂತು ಸೂಜಿಯ ಮೊನೆಯಿಂದ ಆ ಹುಳವನ್ನು ಒಂದೊಂದೇ ಸುತ್ತು ಬಿಚ್ಚತೊಡಗಿದಳು.

“ಕೆಡಿಸಿದೆಲ್ಲ,” ಅಂದ ಬೀರು. “ಅಷ್ಟ ದೂರದಿಂದ ಜ್ವಾಕಿ ಮಾಡಿ ತಂದಿದ್ದೆ.”

“ಬಿಚ್ಚದ ಹೆಂಗ ತಿಳೀಬೇಕ್ರಿ? ಸುಮ್ಮ ಕುಂದ್ರಿ.”

ಮಧ್ಯಾಹ್ನದ ಹೊತ್ತಿಗೆ ಅದನ್ನು ಮೊದಲಿದ್ದ ಹಾಗೆಯೇ ಕಟ್ಟಿಕೊಟ್ಟಳು. ಸಂಜೆಯೊಳಗೆ ಕರಿ ಮರಿಯ ಉಣ್ಣೆ, ಮನೆಯ ಹುಂಜದ ಕುತ್ತಿಗೆಯ ಗರಿ ಸೇರಿಸಿ ಇನ್ನೊಂದು ಕಟ್ಟಿದಳು. ಎರಡನೆಯದೇ ಚೆನ್ನಾಗಿತ್ತು ಎಂದು ಬೀರು ಊರೆಲ್ಲ ಹೇಳಿಕೊಂಡು ಬಂದ.

ಆ ಹೊತ್ತಿಗೆ ಊರ ಹೊರಗಿನ ಕೆರೆಗೆ ಕಾಲುವೆಯ ನೀರು ಬರಲು ಶುರುವಾಗಿ ಮೂರು ವರ್ಷವಾಗಿತ್ತು. ಅದಕ್ಕೂ ಮೊದಲು ವರ್ಷಗಟ್ಟಲೆ ಒಣಗಿ ಬಿದ್ದಿದ್ದ ಕೆರೆಯ ಹೊಟ್ಟೆಯಲ್ಲಿ ಜಾಲಿ ದಟ್ಟವಾಗಿ ಬೆಳೆದಿತ್ತು. ನೀರು ಬರುತ್ತದೆ ಎಂದಾಗ ಜನ ಟೊಂಗೆಗಳನ್ನು ಕಡಿದು ಉರುವಲಿಗೆ ಒಯ್ದರು. ಬೊಡ್ಡೆಗಳನ್ನು ಕೀಳುವ ಗೋಜಿಗೆ ಯಾರೂ ಹೋಗಲಿಲ್ಲ. ನೀರು ಅವುಗಳ ಮೇಲೆಯೇ ನಿಂತಿತು. ಹಾವಿನ ತಲೆಯಂಥ ತಲೆಯ ಮರಳ ಮೀನಿಗೆ ಆ ಬೊಡ್ಡೆಗಳ ಸಂದಿಯೇ ಮನೆಯಾಯಿತು. ಮರಳ ಬೇಕೆಂದರೆ ಗಾಳವನ್ನು ಅಲ್ಲಿಗೇ ಬಿಡಬೇಕು. ಬಿಟ್ಟರೆ ಮೀನಿಗಿಂತ ಮೊದಲು ಬೇರು ಸಿಗುತ್ತಿತ್ತು.

ಬೀರುವಿನ ಜೊತೆ ಕೆರೆಗೆ ಹೋಗುತ್ತಿದ್ದವನು ಹಿಟ್ಟಿನ ಗಿರಣಿಯ ಸಾತಪ್ಪ. ವಯಸ್ಸಿನಲ್ಲಿ ಹತ್ತು ವರ್ಷ ಸಣ್ಣವನು. ಚಿಕ್ಕಂದಿನಿಂದ ಒಂದು ಕಾಲು ಸೋತಿತ್ತು, ಈಜು ಬರುತ್ತಿರಲಿಲ್ಲ. ಅವನ ಗಾಳ ಸಿಕ್ಕಿಕೊಂಡರೂ ಬೀರುವೇ ನೀರಿಗಿಳಿದು ಬಿಡಿಸಿಕೊಡುತ್ತಿದ್ದ. ಬಿಡಿಸಲಾಗದಿದ್ದರೆ ಗಾಳಕ್ಕೆ ಕಟ್ಟಿದ ತಂಗೂಸ ದಾರ ಹರಿದುಕೊಂಡು ಬರುತ್ತಿದ್ದರು. ವಾರಕ್ಕೆ ಎರಡು ಮೂರು ಹುಳ ಹೋಗುತ್ತಿದ್ದವು. ದುಂಡವ್ವ ಗೊಣಗುತ್ತ ಮತ್ತೆ ಕಟ್ಟುತ್ತಿದ್ದಳು. ಅವಳ ಕಣ್ಣು ಮೊದಲಿನಷ್ಟು ಚುರುಕಾಗಿರಲಿಲ್ಲ. ಸಣ್ಣ ಗಂಟು ಹಾಕುವಾಗ ನೀರು ಬರುತ್ತಿತ್ತು. ಒಂದೊಂದು ಹುಳಕ್ಕೆ ಈಗ ಎರಡು ದಿನ ಹಿಡಿಯುತ್ತಿತ್ತು.

ದೀಪಾವಳಿಯಾಗಿ ಎರಡು ವಾರ ಕಳೆದಿತ್ತು. ಕೆರೆ ತುಂಬಿ ದಂಡೆಯ ಹುಲ್ಲಿನವರೆಗೂ ನೀರು ಬಂದಿತ್ತು. ಬೆಳಗ್ಗೆ ಬೀರು ಹೊರಟಾಗ ದುಂಡವ್ವ ಹೊಸ ಹುಳವೊಂದನ್ನು ಅವನ ಕೈಗೆ ಕೊಟ್ಟಳು.

“ಹ್ವಾದ ವಾರ ಮೂರು ಕಳಕೊಂಡ್ರಿ. ಇದನ್ನೂ ಕಳಕೊಂಡ್ರ ಮನಿಗಿ ಬರಬ್ಯಾಡ್ರಿ.”

ನಗುತ್ತಲೇ ಅಂದಿದ್ದಳು, ಆದರೆ ಅದು ಪೂರ್ತಿ ನಗೆಯೂ ಆಗಿರಲಿಲ್ಲ. ಬೀರು ಹುಳವನ್ನು ತಗೊಂಡು, “ಆಗಲಿ ಬಿಡು” ಎಂದು ಹೋದ.

ಹನ್ನೊಂದು ಗಂಟೆಯ ಸುಮಾರಿಗೆ ಓಣಿಯಲ್ಲಿ ಜನ ಓಡುವ ಸದ್ದು ಕೇಳಿಸಿತು. ಅವಳು ಹೊರಗೆ ಬಂದು ಯಾರನ್ನೋ ಕೇಳಿದಳು. ಆ ಮನುಷ್ಯ ಅವಳ ಮುಖ ನೋಡಿ ಉತ್ತರ ಕೊಡದೆ ಓಡಿದ. ಅಷ್ಟರಿಂದಲೇ ಅವಳಿಗೆ ತಿಳಿಯಿತು.

ಸಿಕ್ಕ ಗಾಳ ಬಿಡಿಸಲು ಇಳಿದಿದ್ದನಂತೆ. ಎದೆಮಟ್ಟದ ನೀರಿತ್ತು. ಬೊಡ್ಡೆಯ ಬುಡದಲ್ಲಿ ಹೂಳು ಕಾಲು ಹಿಡಿದಿತ್ತು, ಮುಳುಗಿದ್ದ ಮುಳ್ಳಿನ ಟೊಂಗೆಗೆ ಧೋತರ ಸಿಕ್ಕಿತ್ತು. ಸಾತಪ್ಪ ಕುಂಟುತ್ತ ಊರಿಗೆ ಬಂದು ಜನರನ್ನು ಕರೆದೊಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಮನೆಗೆ ತಂದರು. ದಂಡೆಯ ಮೇಲೆ ಬಿಚ್ಚಿಟ್ಟಿದ್ದ ಅವನ ಅಂಗಿ, ರುಮಾಲನ್ನು ಯಾರೋ ಸುತ್ತಿ ತಂದುಕೊಟ್ಟರು. ಬಾಲಗಾಂವದಿಂದ ಓಡಿ ಬಂದಿದ್ದ ಮಗಳು ನಂದಾ ಆ ಗಂಟನ್ನು ಹಾಗೆಯೇ ಟ್ರಂಕಿನೊಳಗೆ ಹಾಕಿಟ್ಟಳು.

ದುಂಡವ್ವ ಅಳಲಿಲ್ಲ. ಹೆಂಗಸರು ಬಂದು ಅವಳನ್ನು ಹಿಡಿದು ಅತ್ತರು, ಅವಳು ಕೈ ಬಿಟ್ಟು ಕೂತಿದ್ದಳು. ಅವಳ ತಲೆಯಲ್ಲಿ ಒಂದೇ ಮಾತು ತಿರುಗುತ್ತಿತ್ತು. ಮನಿಗಿ ಬರಬ್ಯಾಡ್ರಿ ಅಂದಿದ್ದೆ. ಅದನ್ನು ಅವಳು ಯಾರಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ.

ದಿನಕರ್ಮಗಳಾದವು. ನಂದಾ ತನ್ನೂರಿಗೆ ಬಾ ಎಂದು ಕರೆದಳು. ಉಳಿದಿರುವ ಹನ್ನೆರಡು ಕುರಿಗಳನ್ನು ಯಾರು ನೋಡಬೇಕು ಎಂದು ದುಂಡವ್ವ ಹೋಗಲಿಲ್ಲ. ಸಾತಪ್ಪ ಮಣ್ಣಿಗೆ ಬಂದಿದ್ದ, ಆಮೇಲೆ ಮನೆಯ ಕಡೆ ಸುಳಿಯಲಿಲ್ಲ. ಅವಳು ಜೋಳ ಬೀಸಿಸಲು ಗಿರಣಿಗೆ ಹೋದರೆ ಅವನು ಒಳಗೆ ಸರಿದು ಹೆಂಡತಿಯನ್ನು ಮುಂದೆ ಕಳಿಸುತ್ತಿದ್ದ. ಅವನಿಗೂ ತನ್ನ ಮೇಲೆ ಸಿಟ್ಟಿರಬೇಕು, ಆ ಬೆಳಗಿನ ಮಾತನ್ನು ಬೀರು ಅವನಿಗೆ ಹೇಳಿರಬೇಕು ಎಂದು ದುಂಡವ್ವ ಅಂದುಕೊಂಡಳು.

ಬೇಸಿಗೆ ಬಂತು. ಕಾಲುವೆಯ ನೀರು ನಿಂತು ಕೆರೆ ಇಳಿಯಿತು. ಮೇ ತಿಂಗಳಲ್ಲಿ ಒಂದು ದಿನ ಕುರಿಗಳಿಗೆ ನೀರು ಕುಡಿಸಲು ಹೋದವಳು, ಅವುಗಳನ್ನು ದಂಡೆಯಲ್ಲಿ ಬಿಟ್ಟು ಬಿರುಕು ಬಿಟ್ಟ ಕೆರೆಯಂಗಳದಲ್ಲಿ ನಡೆದುಹೋದಳು. ಯಾವ ಬೊಡ್ಡೆ ಎಂದು ಊರವರು ತೋರಿಸಿದ್ದರು. ಹತ್ತಿರದಿಂದ ನೋಡಿದ್ದು ಅದೇ ಮೊದಲ ಸಲ. ಕಪ್ಪಗೆ ಕೊಳೆತ ಬೊಡ್ಡೆ, ನಾಲ್ಕೂ ಕಡೆ ಚಾಚಿದ ಬೇರು. ಆ ಬೇರುಗಳ ತುಂಬ ಗಾಳಗಳಿದ್ದವು. ಕೆಲವಕ್ಕೆ ತುಂಡು ತಂಗೂಸ ಜೋತುಬಿದ್ದಿತ್ತು. ಒಂದೆರಡರಲ್ಲಿ ಅವಳೇ ಸುತ್ತಿದ ಉಣ್ಣೆ ಕೆಸರು ಮೆತ್ತಿಕೊಂಡು ಉಳಿದಿತ್ತು.

ಅವಳು ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಎಷ್ಟೋ ಹೊತ್ತು ಕೂತ ಮೇಲೆ ಅವಳ ಬೆರಳು ತಾನಾಗಿಯೇ ಒಂದು ಗಾಳವನ್ನು ಬಿಡಿಸಲು ನೋಡಿತು. ಮೊನೆ ಬೇರಿನೊಳಗೆ ಆಳಕ್ಕೆ ನಾಟಿತ್ತು. ಇನ್ನೊಂದನ್ನು ನೋಡಿದಳು, ಮತ್ತೊಂದನ್ನು ನೋಡಿದಳು. ಎಲ್ಲವೂ ಒಂದೇ ರೀತಿ ಸಿಕ್ಕಿದ್ದವು. ಗಾಳದ ಮೊನೆ ಹುಳದ ಹೊಟ್ಟೆಯ ಕೆಳಗಿರುತ್ತದೆ. ತಳ ಕೆರೆದುಕೊಂಡು ಬರುವಾಗ ಬೇರಿಗೆ ಮೊದಲು ತಾಗುವುದು ಅದೇ. ಹುಳ ಅಂಗಾತವಾಗಿ ಬಂದಿದ್ದರೆ, ಮೊನೆ ಮೇಲಿದ್ದಿದ್ದರೆ, ಬೇರಿನ ಮೇಲೆ ಜಾರಿ ಬರುತ್ತಿತ್ತು.

ಮನೆಗೆ ಬಂದು ಬೀರುವಿನ ಹಳೆಯ ಬೀಸುಬಲೆಯನ್ನು ತೆಗೆದಳು. ಅದರ ಅಂಚಿಗೆ ಪೋಣಿಸಿದ್ದ ಸೀಸದ ಗುಂಡುಗಳನ್ನು ಕತ್ತರಿಸಿ ಬಟ್ಟಲಿಗೆ ಹಾಕಿಕೊಂಡಳು. ಕುರಿಗಳ ನೀರಿನ ಸಿಮೆಂಟಿನ ತೊಟ್ಟಿಯಲ್ಲಿ ಒಂದು ಜಾಲಿಯ ಬೇರು ಮುಳುಗಿಸಿಟ್ಟಳು. ಮರುದಿನದಿಂದ ಅದೇ ಕೆಲಸವಾಯಿತು.

ಬಾಲಕ್ಕೆ ಸೀಸ ಕಟ್ಟಿದರೆ ಹುಳ ಕುಂಡೆಯ ಮೇಲೆ ಕೂತಂತೆ ನೆಟ್ಟಗೆ ಇಳಿಯಿತು. ಹೊಟ್ಟೆಗೆ ಕಟ್ಟಿದರೆ ಮೊದಲಿನ ಹಾಗೆಯೇ ಮೊನೆ ಕೆಳಗಾಗಿ ಬಂದು ಬೇರಿಗೆ ನಾಟಿತು. ಬೆನ್ನಿನ ಮೇಲೆ ಒಂದೇ ಗುಂಡು ಇಟ್ಟರೆ ಕುಡಿದವನಂತೆ ಒಂದು ಮಗ್ಗುಲಿಗೆ ವಾಲಿತು. ಕಟ್ಟುವುದು, ಬಿಡುವುದು, ಬಿಚ್ಚುವುದು. ಹೀಗೆ ಹನ್ನೆರಡು ದಿನ ಕಳೆಯಿತು.

ಆ ನಡುವೆ ನಂದಾ ಬಂದಳು. ಅವ್ವ ತೊಟ್ಟಿಯ ಮೇಲೆ ಬಾಗಿ ಗಾಳ ಎಳೆಯುತ್ತಿದ್ದುದನ್ನು ಕಂಡು ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

“ಯವ್ವಾ, ಅಪ್ಪನ್ನ ತಿಂದ ಗಾಳ ಐತಿ ಅದು. ಮತ್ತ ಅದನ್ನ ಕೈಯಾಗ ಹಿಡದಿಯಲ್ಲ ನೀ.”

“ಹಿಡೀಲಿಲ್ಲಂದ್ರ ಏನ ಮಾಡ್ಲಿ?” ಅಂದಳು ದುಂಡವ್ವ. “ನಿಮ್ಮಪ್ಪ ಹ್ವಾದ ಮ್ಯಾಲೂ ಅಲ್ಲಿ ಮಂದಿ ಗಾಳ ಹಾಕೂದು ಬಿಟ್ಟಿಲ್ಲ. ನೀರಿಗಿ ಇಳೂದೂ ಬಿಟ್ಟಿಲ್ಲ.”

ನಂದಾ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು ಅವ್ವನ ಪಕ್ಕದಲ್ಲಿ ಕೂತಳು. ಎರಡು ಗುಂಡು ಇಟ್ಟರೆ ಹೇಗೆ ಎಂದು ಕೇಳಿದವಳು ಅವಳೇ. ತಾಮ್ರದ ತಂತಿಯ ತುಂಡಿಗೆ ಎರಡು ಗುಂಡು ಪೋಣಿಸಿ, ತಕ್ಕಡಿಯ ಹಾಗೆ ಗಾಳದ ಬೆನ್ನಿಗೆ ಅಡ್ಡಲಾಗಿ ಇಟ್ಟರು. ತಲೆಯ ಹತ್ತಿರ, ಆಚೆಗೊಂದು ಈಚೆಗೊಂದು. ದುಂಡವ್ವ ದಾರವನ್ನು ಓರೆಯಾಗಿ ಅತ್ತಿಂದಿತ್ತ, ಇತ್ತಿಂದತ್ತ ದಾಟಿಸಿ ಬಿಗಿದಳು. ಗುಂಡು ಅಲುಗದ ಹಾಗೆ ನಂದಾ ತನ್ನ ನೇಲ್ ಪಾಲಿಶ್ ತಂದು ದಾರದ ಮೇಲೆ ಸವರಿದಳು. ಒಣಗಿದ ಮೇಲೆ ತೊಟ್ಟಿಗೆ ಬಿಟ್ಟರು. ನೀರು ಮುಟ್ಟಿದ್ದೇ ತಡ ಹುಳ ಮಗುಚಿತು. ಭಾರ ಕೆಳಗಾಯಿತು, ಮೊನೆ ಮೇಲಾಯಿತು. ಎಳೆದರೆ ಬೇರಿನ ಮೇಲೆ ಜಾರಿಕೊಂಡು ಬಂತು. ಹತ್ತು ಸಲ ಎಳೆದರೂ ಸಿಗಲಿಲ್ಲ.

“ಥೇಟ ಕಣ್ಣ ಕಂಡಂಗ ಕಾಣ್ತಾವ ನೋಡಬೇ,” ಅಂದಳು ನಂದಾ. ಕಸಬರಿಗೆಯ ಕಡ್ಡಿಯಿಂದ ಎರಡೂ ಗುಂಡುಗಳಿಗೆ ಬಿಳಿ ಬಣ್ಣ ಮುಟ್ಟಿಸಿ, ನಡುವೆ ಕಪ್ಪು ಚುಕ್ಕೆ ಇಟ್ಟಳು. ಹುಳ ಅವರಿಬ್ಬರನ್ನೂ ನೋಡುವಂತೆ ಕಂಡಿತು. ಇಬ್ಬರಿಗೂ ಬೀರುವಿನ ನೆನಪಾಯಿತು.

ಮಳೆಗಾಲ ಮುಗಿದು ಕೆರೆ ಮತ್ತೆ ತುಂಬುವಷ್ಟರಲ್ಲಿ ದುಂಡವ್ವ ಅಂಥ ನಲವತ್ತು ಹುಳ ಕಟ್ಟಿದ್ದಳು. ಸೀಸ ಸಾಲದಾದಾಗ ಜತ್ತದ ಸಂತೆಯಿಂದ ತಂದಳು. ಅವುಗಳನ್ನು ಒಂದು ಡಬ್ಬಿಯಲ್ಲಿ ಹಾಕಿಕೊಂಡು ದಂಡೆಗೆ ಹೋಗಿ, ಗಾಳ ಹಾಕುವವರ ಹತ್ತಿರ ನಿಂತು ಕೊಡಲು ನೋಡಿದಳು. ಮೊದಮೊದಲು ಯಾರೂ ಕೈ ಚಾಚಲಿಲ್ಲ. ಗಂಡನನ್ನು ಕಳೆದುಕೊಂಡವಳು ಅದೇ ನೀರಿನ ದಂಡೆಯಲ್ಲಿ ಗಾಳ ಹಂಚುವುದು ಜನರಿಗೆ ಸರಿಬರಲಿಲ್ಲ. ಒಬ್ಬ ಕೋಲು ಸುತ್ತಿಕೊಂಡು ಎದ್ದೇ ಹೋದ. ಅವಳು ಮರುದಿನವೂ ಹೋದಳು.

ಕೊನೆಗೆ ಮಹಾಂತ ಎಂಬ ತರುಣ ಒಂದನ್ನು ತೆಗೆದುಕೊಂಡ.

“ಕಣ್ಣ ಯಾಕ್ರಿ ಕಾಕು ಇಷ್ಟ ದೊಡ್ಡವು?”

“ಭಾರಕ್ಕ ಅವು. ಹಾಕಿ ನೋಡು. ಸಿಗೂದಿಲ್ಲ. ಸಿಕ್ಕರ ದಾರ ಹರಕೋ, ಇಳೀಬ್ಯಾಡ. ಮತ್ತೊಂದು ನಾ ಕೊಡ್ತೀನಿ.”

ಮಹಾಂತ ಬೊಡ್ಡೆಗಳ ನಡುವೆಯೇ ಬಿಟ್ಟು ಎಳೆದ. ಆ ಬೆಳಗ್ಗೆ ಎರಡು ಮರಳ ಹಿಡಿದ, ಒಂದೂ ಹುಳ ಕಳೆದುಕೊಳ್ಳಲಿಲ್ಲ. ಅಲ್ಲಿಂದ ಜನ ತಾವೇ ಕೇಳಿಕೊಂಡು ಅವಳ ಮನೆಗೆ ಬರತೊಡಗಿದರು. ಪ್ರತಿಯೊಬ್ಬರಿಗೂ ಅವಳು ಅದೇ ಮಾತು ಹೇಳುತ್ತಿದ್ದಳು: ಸಿಕ್ಕರೆ ಹರಿದುಕೊಳ್ಳಿ, ಇಳಿಯಬೇಡಿ.

ಸಾತಪ್ಪ ಮಾತ್ರ ಬರಲಿಲ್ಲ. ಅವನು ಕೆರೆಗೆ ಹೋಗುವುದನ್ನೇ ಬಿಟ್ಟಿದ್ದ. ಒಂದು ದಿನ ಜೋಳದ ಬುಟ್ಟಿ ಹೊತ್ತು ಗಿರಣಿಗೆ ಹೋದಾಗ ಅವನ ಹೆಂಡತಿ ಮನೆಯಲ್ಲಿರಲಿಲ್ಲ. ಸಾತಪ್ಪ ತಪ್ಪಿಸಿಕೊಳ್ಳುವಂತಿರಲಿಲ್ಲ. ಕಾಳು ಸುರಿದು ಯಂತ್ರ ಹಚ್ಚಿದ. ದುಂಡವ್ವ ಸೆರಗಿನ ಗಂಟಿನಿಂದ ಮೂರು ಹುಳ ತೆಗೆದು ಅವನ ಮುಂದೆ ಹಿಡಿದಳು. ಅವನು ತಲೆ ಅಲ್ಲಾಡಿಸಿದ. ಅವಳು ಹಿಡಿದ ಕೈ ಹಿಂದೆ ತೆಗೆಯಲಿಲ್ಲ. ಸಾತಪ್ಪ ಯಂತ್ರ ನಿಲ್ಲಿಸಿದ. ಪಟ್ಟಿ ತಿರುಗುತ್ತ ತಿರುಗುತ್ತ ನಿಂತಿತು.

“ನನಗ ಬ್ಯಾಡ್ರಿ ವೈನಿ.”

“ಸಿಟ್ಟ ಐತೇನು ನನ್ನ ಮ್ಯಾಲ?”

“ನಿಮ್ಮ ಮ್ಯಾಲ ಯಾಕ ಸಿಟ್ಟ ಬರಲಿ?” ಅವನು ಮೋಟಾರಿನ ಕಟ್ಟೆಯ ಮೇಲೆ ಕೂತುಬಿಟ್ಟ. ಮೈಯೆಲ್ಲ ಹಿಟ್ಟಾಗಿತ್ತು. ನೆಲ ನೋಡುತ್ತ ಅಂದ: “ಅವತ್ತ ಸಿಕ್ಕೊಂಡಿದ್ದು ಬೀರಣ್ಣನ ಗಾಳ ಅಲ್ರಿ. ನಂದು.”

ದುಂಡವ್ವ ನಿಂತೇ ಇದ್ದಳು.

“ದೀಪಾವಳಿಗಿ ನೀವ ನನಗೊಂದು ಕಟ್ಟಿಕೊಟ್ಟಿದ್ರಲ್ಲ, ಅದು. ಹೋಗಲಿ ಬಿಡಣ್ಣಾ, ಹರೀತೀನಿ ಅಂತ ತಂಗೂಸ ಹಲ್ಲಾಗ ಕಚ್ಚಿದ್ದೆ. ಅಂವ ಕೈ ಹಿಡದ. ‘ಹರೀಬ್ಯಾಡೋ, ಅಕಿ ಕಣ್ಣಾಗ ನೀರ ತಕ್ಕೊಂಡು ಕಟ್ಟಿರ್ತಾಳ, ತರ್ತೀನಿ ತಡಿ’ ಅಂದ. ಅಂಗಿ ಬಿಚ್ಚಿ ಇಟ್ಟು ನಕ್ಕೋತ ಇಳದ.”

“ನಾ ಮುಂಜಾನಿ ಒಂದ ಮಾತ ಅಂದಿದ್ದೆ. ಅದನ್ನ ನಿನಗ ಹೇಳಿದ್ರೇನು?”

“ಏನೂ ಹೇಳಿಲ್ಲ.”

“ಮನಿಗಿ ಬರಬ್ಯಾಡ್ರಿ ಅಂದಿದ್ದೆ, ಸಾತಪ್ಪ.”

ಒಂದು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಹೊರಬಿದ್ದದ್ದು ಅದೇ ಮೊದಲು. ಸಾತಪ್ಪ ತಲೆ ಎತ್ತಿ ನೋಡಿದ.

“ಇಷ್ಟ ದಿನಾ ಯಾಕ ಹೇಳಲಿಲ್ಲ ನೀ?” ಎಂದು ಅವಳು ಕೇಳಿದಳು.

“ಹೆಂಗ ಹೇಳ್ಲಿ? ಊರವರೆಲ್ಲ ಅವನ ಗಾಳ ಅಂತ ತಿಳಕೊಂಡ್ರು. ನಾ ಸುಮ್ಮ ಆದೆ. ಒಂದ ದಿನ ಸುಮ್ಮ ಆದೆ, ಆಮ್ಯಾಲ ಬಾಯಿನ ಬರಲಿಲ್ಲ.”

“ಮುಳಗುವಾಗ ಏನರ ಅಂದ್ರೇನು?”

“ಒಂದ ಸಲ ಮ್ಯಾಲ ಬಂದ. ನನ್ನ ಕಡೆ ನೋಡಿದ. ನಾ ಕೋಲ ಚಾಚಿದೆ. ಮುಟ್ಟಲಿಲ್ಲ.”

“ಎಷ್ಟ ಕಮ್ಮಿ ಬಿತ್ತು?”

“ಒಂದ ಮಾರ.”

ದುಂಡವ್ವ ಮೂರೂ ಹುಳಗಳನ್ನು ಅವನ ಪಕ್ಕದಲ್ಲಿ ಕಟ್ಟೆಯ ಮೇಲಿಟ್ಟಳು. “ಹಿಟ್ಟ ಬೀಸು,” ಅಂದಳು. ಅವನು ಎದ್ದು ಯಂತ್ರ ಹಚ್ಚಿದ. ಬಿಸಿ ಹಿಟ್ಟಿನ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಅವಳು ಮನೆಗೆ ಬಂದಳು.

ಬಂದು ಟ್ರಂಕು ತೆಗೆದಳು. ಅಂಗಿ, ರುಮಾಲಿನ ಗಂಟು ನಂದಾ ಇಟ್ಟಲ್ಲೇ ಇತ್ತು. ರುಮಾಲು ಬಿಡಿಸಿದಳು. ಅಂಚಿನಲ್ಲಿ, ಎರಡು ಮಡಿಕೆಯ ಒಳಗೆ, ಅವಳು ಆ ಬೆಳಗ್ಗೆ ಕೊಟ್ಟಿದ್ದ ಹುಳ ಚುಚ್ಚಿಕೊಂಡಿತ್ತು. ಗರಿ, ಉಣ್ಣೆ ಕಟ್ಟಿದಾಗಿನಂತೆಯೇ ಇದ್ದವು, ಒಮ್ಮೆಯೂ ಒದ್ದೆಯಾಗಿರಲಿಲ್ಲ. ಅವನು ಅದನ್ನು ನೀರಿಗೆ ಬಿಟ್ಟೇ ಇರಲಿಲ್ಲ.

ಕಳೆದುಕೊಂಡಿಲ್ಲವಲ್ಲ, ಮತ್ತೇಕೆ ಬರಲಿಲ್ಲ ಎಂದು ಒಂದು ಕ್ಷಣ ಅವಳಿಗೆ ಅನ್ನಿಸಿತಂತೆ. ಇದನ್ನು ಅವಳು ಬಹಳ ದಿನಗಳ ಮೇಲೆ ನಂದಾಗೆ ಹೇಳಿದಳು. ತನ್ನ ಮಾತಿಗೆ ಅಂಜಿ ಇಳಿದದ್ದಲ್ಲ ಎಂದು ತಿಳಿದ ಮೇಲೆ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಅಂಜಿ ಇಳಿದಿದ್ದರೆ ತನ್ನನ್ನು ತಾನು ಬೈದುಕೊಳ್ಳಬಹುದಿತ್ತು. ತನ್ನ ಕಣ್ಣೀರಿನ ಮೇಲಿನ ಕರುಣೆಯಿಂದ ಇಳಿದ ಎಂದರೆ ಯಾರನ್ನು ಬೈಯುವುದು?

ಅದರ ಮರುವರ್ಷ ಕೆರೆಯ ಮೀನು ಹಿಡಿಯುವ ಠೇಕಾ ಹರಾಜಿನಲ್ಲಿ ಅಪ್ಪಾಸಾಬ ಎಂಬವನಿಗೆ ಆಯಿತು. ಅವನು ದೊಡ್ಡ ಬಲೆ ಹಾಕಿಸುವವನು. ಬೊಡ್ಡೆಗಳಿಗೆ ಸಿಕ್ಕಿ ಬಲೆ ಹರಿದಾವು ಎಂದು, ಬೇಸಿಗೆಯಲ್ಲಿ ನೀರು ಇಳಿದಾಗ ಜೆಸಿಬಿ ತರಿಸಿದ. ಸದ್ದು ಕೇಳಿ ದುಂಡವ್ವ ಏರಿಯ ಮೇಲೆ ಹೋಗಿ ನಿಂತಳು. ಯಂತ್ರದ ಕೈ ಒಂದೊಂದೇ ಬೊಡ್ಡೆಯನ್ನು ಹಲ್ಲು ಕಿತ್ತಂತೆ ಕಿತ್ತು ದಂಡೆಗೆ ಎಸೆಯುತ್ತಿತ್ತು. ಬೀರು ಸಿಕ್ಕಿದ್ದ ಬೊಡ್ಡೆಯ ಸರದಿಯೂ ಬಂತು. ಅದಕ್ಕೆಂದು ಯಾರೂ ಯಂತ್ರ ನಿಲ್ಲಿಸಲಿಲ್ಲ, ಡ್ರೈವರನಿಗೆ ಗೊತ್ತೂ ಇರಲಿಲ್ಲ. ಎರಡು ಸಲ ಅಲುಗಾಡಿಸಿದ, ಮೂರನೆಯ ಸಲಕ್ಕೆ ಎದ್ದು ಬಂತು. ಮಧ್ಯಾಹ್ನದ ಊಟದ ಹೊತ್ತಿಗೆ ಕೆರೆಯ ಅಂಗಳ ಪೂರ್ತಿ ಬಯಲಾಗಿತ್ತು.

ಯಾವಾಗಲೋ ಸಾತಪ್ಪ ಬಂದು ಅವಳ ಪಕ್ಕದಲ್ಲಿ ನಿಂತಿದ್ದ.

“ಒಂದ ಮುಂಜಾನಿ ಕೆಲಸ ಇತ್ತು, ಸಾತಪ್ಪ,” ಅಂದಳು ದುಂಡವ್ವ. “ಬರೇ ಒಂದ ಮುಂಜಾನಿ ಕೆಲಸ.”

ಹಾಗೆಯೇ ಏರಿಯ ಕಲ್ಲಿನ ಮೇಲೆ ಕೂತು ಗಟ್ಟಿಯಾಗಿ ಅತ್ತಳು. ಒಂದೂವರೆ ವರ್ಷದಿಂದ ಬರದ ಅಳು ಆಗ ಬಂತು. ಕಟ್ಟಿಗೆ ಒಯ್ಯಲು ಬಂದಿದ್ದ ಹೆಂಗಸರು ಬುಟ್ಟಿ ಇಳಿಸಿ ಸುತ್ತ ಕೂತರು. ಸಾತಪ್ಪ ಬಿಸಿಲಿನಲ್ಲಿ ನಿಂತೇ ಇದ್ದ.

ಬೊಡ್ಡೆಗಳು ಹೋದ ಮೇಲೆ ಸೊರಡಿಯಲ್ಲಿ ಸೀಸದ ಕಣ್ಣಿನ ಹುಳ ಯಾರಿಗೂ ಬೇಕಾಗಲಿಲ್ಲ. ಠೇಕಾದಾರ ದಂಡೆಯಲ್ಲಿ ಗಾಳ ಹಾಕುವುದನ್ನೂ ನಿಲ್ಲಿಸಿದ. ದುಂಡವ್ವ ಡಬ್ಬಿಯನ್ನು ಗೋಡೆಯ ಮಾಡದಲ್ಲಿಟ್ಟಳು, ಕುರಿಗಳ ಹಿಂದೆ ಹೋದಳು.

ಈ ವರ್ಷ ಶ್ರಾವಣ ಮುಗಿದ ಮೇಲೆ ಅಸಂಗಿಯಿಂದ ಒಬ್ಬ ಹೆಂಗಸು ಅವಳ ಮನೆ ಹುಡುಕಿಕೊಂಡು ಬಂದಳು. ಹೆಸರು ಅಕ್ಕವ್ವ. ಅವರ ಹಳ್ಳದ ಒಡ್ಡಿಗೂ ಹೊಸದಾಗಿ ನೀರು ಬಂದಿತ್ತಂತೆ. ತಳದಲ್ಲಿ ಜಾಲಿಯ ಬೊಡ್ಡೆಗಳು ಹಾಗೇ ಇವೆಯಂತೆ. ಗಂಡ ದಿನಾ ಗಾಳ ತೆಗೆದುಕೊಂಡು ಹೋಗುತ್ತಾನೆ, ಬೇಡವೆಂದರೂ ಕೇಳುವುದಿಲ್ಲ ಎಂದಳು.

ದುಂಡವ್ವ ಅವಳಿಗೆ ಚಹಾ ಮಾಡಿಕೊಟ್ಟು, ಮಾಡದಿಂದ ಡಬ್ಬಿ ಇಳಿಸಿದಳು.

“ಮೊದಲ ಪಂಚಾಯತಿಗಿ ಹೋಗವಾ. ಊರ ಹೆಂಗಸೂರನ್ನ ಕೂಡಿಸಿಕೊಂಡು ಹೋಗು. ಬ್ಯಾಸಗಿ ಬಂದಕೂಡ್ಲೆ ಆ ಬೊಡ್ಡಿ ತಗಸ್ರಿ ಅಂತ ಕೇಳು. ತಗಸೂ ತನಕ ಇವನ್ನ ಒಯ್ಯಿ,” ಎಂದು ಒಂದೊಂದೇ ಹುಳದ ಕಣ್ಣನ್ನು ಬೆರಳಿನಿಂದ ಅಲುಗಿಸಿ ನೋಡಿ, ಸಡಿಲಾಗಿದ್ದ ಎರಡನ್ನು ಪಕ್ಕಕ್ಕಿಟ್ಟು, ಉಳಿದವನ್ನು ಅವಳ ಕೈಗೆ ಹಾಕಿದಳು.